ಆನ್‌ಲೈನಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು: ಫೋಟೊ ಆಮೇಲೆ, ಚಾಸಿಸ್ ನಂಬರ್ ಮೊದಲು

ಹಳೆ ಕಾರು ಹುಡುಕುವವರು ಈಗ ಮೊದಲು ತೆರೆಯುವುದು ಮೊಬೈಲನ್ನು. ಓಎಲ್‌ಎಕ್ಸ್, ಸ್ಪಿನ್ನಿ, ಕಾರ್ಸ್ 24, ಮಾರುತಿಯ ಟ್ರೂ ವ್ಯಾಲ್ಯೂ, ಹೀಗೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ ರಾತ್ರಿ ಹನ್ನೊಂದರವರೆಗೆ ಫೋಟೊ ನೋಡುತ್ತಾರೆ. ಪಾಲಿಶ್ ಹೊಡೆದ ಕಾರು ಫೋಟೊದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಅದು ಎಲ್ಲಿ ತಯಾರಾಯಿತು, ಯಾವ ವರ್ಷದ್ದು, ಎಷ್ಟು ಜನರ ಕೈ ದಾಟಿದೆ, ಮೇಲೆ ಸಾಲ ಇದೆಯೇ ಎಂಬುದೆಲ್ಲ ತಿಳಿಯುವುದು ನಂಬರು ಮತ್ತು ಕಾಗದಗಳಿಂದ. ಮೊದಲ ಕಾರು ಕೊಳ್ಳುವ ಮನೆಯಲ್ಲಿ ಆ ಮೂರು ನಾಲ್ಕು ಲಕ್ಷ ರೂಪಾಯಿ ಅಂದರೆ ಎಷ್ಟೋ ವರ್ಷಗಳ ಉಳಿತಾಯ. ಅದಕ್ಕೇ ಈ ಕ್ರಮದಲ್ಲಿ ಹೋಗಿ: ಮೊದಲು ಕಾಗದ, ಆಮೇಲೆ ಕಬ್ಬಿಣ, ಕೊನೆಗೆ ದುಡ್ಡು.

ಹಂತ 1: ಮಾರುತ್ತಿರುವುದು ಯಾರು ಎಂದು ತಿಳಿದುಕೊಳ್ಳಿ

ಆನ್‌ಲೈನ್ ಮಾರಾಟದಲ್ಲಿ ಎರಡು ಬಗೆ. ಒಂದರಲ್ಲಿ ಜಾಲತಾಣವು ಜಾಹೀರಾತು ಹಾಕಲು ಜಾಗ ಕೊಡುತ್ತದೆ ಅಷ್ಟೇ. ಮಾರುವವರು ಮಾಲೀಕರೋ ಬ್ರೋಕರೋ ನೀವೇ ತಿಳಿಯಬೇಕು. ಇನ್ನೊಂದರಲ್ಲಿ ಕಂಪನಿಯೇ ಕಾರನ್ನು ಕೊಂಡು, ರಿಪೇರಿ ಮಾಡಿಸಿ, ವಾರಂಟಿಯೊಂದಿಗೆ ಮಾರುತ್ತದೆ. ಎರಡನೆಯದರಲ್ಲಿ ಬೆಲೆ ಸ್ವಲ್ಪ ಜಾಸ್ತಿ, ತಲೆನೋವು ಸ್ವಲ್ಪ ಕಡಿಮೆ. ಹೊಸಬರಿಗೆ ಆ ಹೆಚ್ಚಿನ ಬೆಲೆ ದಂಡವಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ವಾರಂಟಿಯಲ್ಲಿ ಎಂಜಿನ್, ಗೇರ್‌ಬಾಕ್ಸ್ ಬಿಟ್ಟು ಇನ್ನೇನು ಸೇರಿದೆ ಎಂದು ಓದಿಯೇ ಒಪ್ಪಿಕೊಳ್ಳಿ.

ಹಳೆ ಕಾರಿನ ಡೀಲರ್‌ಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮಾಲೀಕರು ಕಾರನ್ನು ಡೀಲರ್‌ಗೆ ಒಪ್ಪಿಸಿದಾಗ ಅದನ್ನು ಫಾರಂ 29ಸಿ ಮೂಲಕ ಆರ್‌ಟಿಒಗೆ ತಿಳಿಸಬೇಕು. ಡೀಲರ್ ಬಳಿ ಕಾರು ನೋಡಲು ಹೋದರೆ ಈ ಎರಡನ್ನೂ ಕೇಳಿ. ಕೊಡುವವರು ಕೊಡುತ್ತಾರೆ, ಸಿಡುಕುವವರನ್ನು ಬಿಟ್ಟುಬಿಡಿ.

"ನಾನು ಮಿಲಿಟರಿಯಲ್ಲಿದ್ದೇನೆ, ದಿಢೀರ್ ವರ್ಗಾವಣೆಯಾಗಿದೆ, ಕಾರು ಏರ್‌ಪೋರ್ಟ್ ಪಾರ್ಕಿಂಗ್‌ನಲ್ಲಿದೆ, ಸಾಗಣೆ ಖರ್ಚು ಮಾತ್ರ ಮೊದಲು ಹಾಕಿ" ಎನ್ನುವ ಮೋಸ ಇನ್ನೂ ನಡೆಯುತ್ತಲೇ ಇದೆ. ಕಾರು ಕಣ್ಣಿಗೆ ಬೀಳುವ ಮೊದಲು ಒಂದು ರೂಪಾಯಿಯನ್ನೂ ಕಳಿಸಬೇಡಿ. ದುಡ್ಡು ಪಡೆಯುವುದಕ್ಕೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ, ಪಿನ್ ಒತ್ತಬೇಕಾಗಿಯೂ ಇಲ್ಲ ಎಂಬುದನ್ನು ಮನೆಯವರಿಗೆಲ್ಲ ಹೇಳಿಡಿ.

ಹಂತ 2: ಚಾಸಿಸ್ ನಂಬರ್ ಓದಲು ಕಲಿಯಿರಿ

ನಮ್ಮಲ್ಲಿ ಮಾರಾಟವಾಗುವ ಕಾರಿಗೆ ಸಾಮಾನ್ಯವಾಗಿ 17 ಅಕ್ಷರ, ಅಂಕಿಗಳ ಒಂದು ಗುರುತು ಇರುತ್ತದೆ. ಅದೇ ಚಾಸಿಸ್ ನಂಬರ್. 1 ಮತ್ತು 0 ಜೊತೆ ಗೊಂದಲವಾಗಬಾರದೆಂದು ಅದರಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುವುದಿಲ್ಲ. ಮಾರುವವರು ಕಳಿಸಿದ ನಂಬರಿನಲ್ಲಿ ಓ ಕಂಡರೆ ಬರೆದವರು ತಪ್ಪಿದ್ದಾರೆ, ಇಲ್ಲವೇ ನಂಬರೇ ಸರಿಯಿಲ್ಲ.

ಮೊದಲ ಅಕ್ಷರ ತಯಾರಾದ ಪ್ರದೇಶವನ್ನು ಹೇಳುತ್ತದೆ: ಜೆ ಎಂದರೆ ಜಪಾನ್, ಡಬ್ಲ್ಯೂ ಎಂದರೆ ಜರ್ಮನಿ. ಭಾರತದಲ್ಲಿ ತಯಾರಾದವು ಎಂ ಇಂದ ಶುರುವಾಗುತ್ತವೆ. ಮೊದಲ ಮೂರು ಸೇರಿ ಕಂಪನಿಯ ಗುರುತು. ಎಂಎ3 ಇದ್ದರೆ ಮಾರುತಿ ಸುಜುಕಿ, ಎಂಎಎಲ್ ಇದ್ದರೆ ಹ್ಯುಂಡೈ, ಎಂಎಟಿ ಟಾಟಾ, ಎಂಎ1 ಮಹೀಂದ್ರಾ, ಎಂಎಕೆ ಹೋಂಡಾ, ಎಂಬಿಜೆ ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್. ಅನೇಕ ಕಂಪನಿಗಳು ಹತ್ತನೆಯ ಅಕ್ಷರದಲ್ಲಿ ವರ್ಷವನ್ನು ಬರೆಯುತ್ತವೆ: ಜೆ 2018, ಕೆ 2019, ಎಲ್ 2020, ಎಂ 2021, ಎನ್ 2022. ಎಲ್ಲ ಕಂಪನಿಗಳೂ ಒಂದೇ ಕ್ರಮ ಪಾಲಿಸುವುದಿಲ್ಲವಾದ್ದರಿಂದ ಆರ್‌ಸಿಯಲ್ಲಿರುವ ತಯಾರಿಕೆಯ ತಿಂಗಳು, ವರ್ಷದೊಂದಿಗೆ ಹೋಲಿಸಿ. 2019ರ ನವೆಂಬರ್‌ನಲ್ಲಿ ತಯಾರಾಗಿ 2020ರಲ್ಲಿ ನೋಂದಣಿಯಾದ ಕಾರನ್ನು ಜಾಹೀರಾತಿನಲ್ಲಿ "2020 ಮಾಡೆಲ್" ಎಂದು ಬರೆಯುವವರು ಬೇಕಾದಷ್ಟು ಇದ್ದಾರೆ. ಆ ವ್ಯತ್ಯಾಸವನ್ನು ಬೆಲೆಯಲ್ಲಿ ಕಳೆಯುವುದು ನಿಮ್ಮ ಹಕ್ಕು.

ಹಳೆ ಕಾರಿನಲ್ಲಿ ವರ್ಷಕ್ಕೆ ಸುರಕ್ಷತೆಯ ಬೆಲೆಯೂ ಇದೆ. ನಮ್ಮ ದೇಶದಲ್ಲಿ ಎಬಿಎಸ್ ಮತ್ತು ಚಾಲಕರ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೂ ಬಂದದ್ದು 2021ರ ಕೊನೆಗೆ. ಬಿಎಸ್ 6 ಎಂಜಿನ್ 2020ರ ಏಪ್ರಿಲ್‌ನಿಂದ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರಾದರೆ, ಐವತ್ತು ಸಾವಿರ ಉಳಿಸಲು 2017ರದ್ದಕ್ಕೆ ಇಳಿಯುವ ಬದಲು 2019ರ ನಂತರದ್ದನ್ನೇ ನೋಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಹಂತ 3: ಆ ಬ್ರ್ಯಾಂಡ್ ಈಗ ಎಲ್ಲಿದೆ?

ಅಮೆರಿಕದಲ್ಲೋ ಜಪಾನಿನಲ್ಲೋ ಕೂತು ತೆಗೆದುಕೊಂಡ ತೀರ್ಮಾನ ದಾವಣಗೆರೆಯ ಗ್ಯಾರೇಜಿನವರೆಗೆ ಬಂದು ತಲುಪುತ್ತದೆ. ಜನರಲ್ ಮೋಟರ್ಸ್ 2017ರ ಕೊನೆಗೆ ಭಾರತದಲ್ಲಿ ಷೆವರ್ಲೆ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ ಘೋಷಿಸಿತು. ನಿಸಾನ್ 2022ರಲ್ಲಿ ಡಾಟ್ಸನ್ ಹೆಸರನ್ನೇ ಕೈಬಿಟ್ಟಿತು. ಈ ಕಾರುಗಳು ಆನ್‌ಲೈನಿನಲ್ಲಿ ಅಗ್ಗವಾಗಿ ಸಿಗುತ್ತವೆ, ಅವುಗಳಲ್ಲಿ ಗಟ್ಟಿಮುಟ್ಟಾದವೂ ಇವೆ. ಆದರೆ ಕೊಳ್ಳುವ ಮೊದಲು ನಿಮ್ಮೂರಿನ ಸರ್ವಿಸ್ ಸೆಂಟರ್‌ಗೋ ಬಿಡಿಭಾಗದ ಅಂಗಡಿಗೋ ಫೋನ್ ಮಾಡಿ, ಹೆಡ್‌ಲೈಟ್, ಬಂಪರ್, ಕ್ಲಚ್ ಪ್ಲೇಟ್ ಸಿಗುತ್ತದೆಯೇ, ಎಷ್ಟು ದಿನ ಬೇಕು ಎಂದು ಕೇಳಿ. ಬಂಪರಿಗಾಗಿ ತಿಂಗಳು ಕಾಯುವುದಾದರೆ ಅಗ್ಗದ ಬೆಲೆಗೆ ಅರ್ಥವಿಲ್ಲ.

ಇದೇ ಜಾಗತಿಕ ವ್ಯವಹಾರ ನಿಮಗೆ ಅನುಕೂಲವಾಗುವುದೂ ಉಂಟು. ಒಂದೇ ಕಾರು ಎರಡು ಹೆಸರಿನಲ್ಲಿ ಮಾರಾಟವಾಗುತ್ತದೆ. ಟೊಯೋಟಾ ಗ್ಲಾಂಜಾ ಮೂಲತಃ ಮಾರುತಿಯ ಬಲೆನೊ, ತಯಾರಿಸುವವರೂ ಮಾರುತಿಯೇ. ಮಾರುತಿಯ ಗ್ರ್ಯಾಂಡ್ ವಿಟಾರಾ ಮತ್ತು ಟೊಯೋಟಾದ ಹೈರೈಡರ್ 2022ರಲ್ಲಿ ಬಿಡದಿಯ ಕಾರ್ಖಾನೆಯಿಂದ ಜೊತೆಯಾಗಿ ಹೊರಬಂದವು. ರೆನೋ ಡಸ್ಟರ್ ಮತ್ತು ನಿಸಾನ್ ಟೆರಾನೊ ಚೆನ್ನೈ ಬಳಿಯ ಒಂದೇ ಕಾರ್ಖಾನೆಯವು. ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ, ಬೆಲೆ ಹೋಲಿಸಿ.

ಹಂತ 4: ದೋಷಕ್ಕಾಗಿ ಕಂಪನಿ ಹಿಂದಕ್ಕೆ ಕರೆಸಿಕೊಂಡ ಕಾರೇ?

ಈ ಹಂತವನ್ನು ಬಹಳ ಜನ ಹಾರಿಸಿಬಿಡುತ್ತಾರೆ. ದಯವಿಟ್ಟು ಹಾರಿಸಬೇಡಿ.

ಜಪಾನಿನ ಟಕಾಟಾ ಎಂಬ ಕಂಪನಿ ಜಗತ್ತಿನ ದೊಡ್ಡ ದೊಡ್ಡ ಕಾರು ಕಂಪನಿಗಳಿಗೆ ಏರ್‌ಬ್ಯಾಗ್ ಒದಗಿಸುತ್ತಿತ್ತು. ಅಪಘಾತದಲ್ಲಿ ಬ್ಯಾಗನ್ನು ಉಬ್ಬಿಸುವ ಇನ್‌ಫ್ಲೇಟರ್‌ನೊಳಗೆ ಅದು ಅಮೋನಿಯಂ ನೈಟ್ರೇಟ್ ಬಳಸಿತು. ವರ್ಷಗಟ್ಟಲೆ ಶೆಕೆ ಮತ್ತು ತೇವಕ್ಕೆ ಸಿಕ್ಕಿ ಆ ರಾಸಾಯನಿಕ ಹದಗೆಡುತ್ತದೆ. ಹದಗೆಟ್ಟ ಇನ್‌ಫ್ಲೇಟರ್ ಬೇಕಾದ್ದಕ್ಕಿಂತ ಜೋರಾಗಿ ಸಿಡಿದು, ಅದರ ಲೋಹದ ಚೂರುಗಳು ಚಾಲಕರ ಮುಖಕ್ಕೆ, ಕುತ್ತಿಗೆಗೆ ಹೊಕ್ಕ ಘಟನೆಗಳು ಹಲವು ದೇಶಗಳಲ್ಲಿ ನಡೆದವು, ಜನ ಸತ್ತರು. ಕೋಟಿಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. 2017ರ ಜೂನ್‌ನಲ್ಲಿ ಟಕಾಟಾ ದಿವಾಳಿ ಅರ್ಜಿ ಹಾಕಿತು.

ಭಾರತದಲ್ಲೂ ಹಳೆಯ ಹೋಂಡಾ ಸಿಟಿ, ಜಾಝ್, ಸಿವಿಕ್, ಅಕಾರ್ಡ್‌ಗಳಲ್ಲಿ ಈ ಭಾಗವನ್ನು ಉಚಿತವಾಗಿ ಬದಲಿಸಲು ಕಂಪನಿ ಕರೆ ಕೊಟ್ಟಿತು. ಕೆಲವರು ಹೋಗಿ ಹಾಕಿಸಿಕೊಂಡರು. ಕಾರು ಕೈಯಿಂದ ಕೈಗೆ ದಾಟಿದಂತೆ ಕಂಪನಿಯ ಪತ್ರ ಹೊಸ ಮಾಲೀಕರಿಗೆ ತಲುಪದೆ ಹೋಗುವುದುಂಟು. ಮಂಗಳೂರು, ಉಡುಪಿ, ಕಾರವಾರದ ಹವೆಯಲ್ಲಿ ಹತ್ತು ಹದಿನೈದು ವರ್ಷ ಓಡಿದ ಅಂಥ ಕಾರು ನಿಮ್ಮ ಕಣ್ಣಿಗೆ ಬಿದ್ದರೆ ವಿಶೇಷ ಎಚ್ಚರ ಬೇಕು. ಹೋಂಡಾದ ಜಾಲತಾಣದಲ್ಲಿ 17 ಅಂಕಿಯ ಚಾಸಿಸ್ ನಂಬರ್ ಹಾಕಿದರೆ ಕೆಲಸ ಬಾಕಿ ಇದೆಯೇ ಎಂದು ತೋರಿಸುತ್ತದೆ. ಬೇರೆ ಕಂಪನಿಯ ಕಾರಾದರೆ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಅದೇ ನಂಬರ್ ಕೊಟ್ಟು ಕೇಳಿ. ಬಾಕಿ ಇದ್ದರೆ, ಮಾರುವವರೇ ಮೊದಲು ಮಾಡಿಸಿ ರಶೀದಿ ಕೊಡಲಿ.

ಹಂತ 5: ಆರ್‌ಸಿ, ಸಾಲ, ದಂಡ

ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ. ನೋಂದಣಿ ದಿನಾಂಕ, ಇಂಧನ, ವಿಮೆಯ ಅವಧಿ ಸಿಗುತ್ತದೆ. ಆಮೇಲೆ ಆರ್‌ಸಿ ನೋಡಿ. ಮಾಲೀಕರ ಕ್ರಮಸಂಖ್ಯೆ 3 ಎಂದಿದ್ದರೆ, ಜಾಹೀರಾತಿನಲ್ಲಿ "ಸಿಂಗಲ್ ಓನರ್" ಎಂದು ಬರೆದಿದ್ದು ಸುಳ್ಳು. ಹಿಂದೆ ಯೆಲ್ಲೋ ಬೋರ್ಡ್‌ನಲ್ಲಿ ಓಡಿ ವೈಟ್ ಬೋರ್ಡ್‌ಗೆ ಬದಲಾದ ಗಾಡಿಯೇ ಎಂದೂ ವಿಚಾರಿಸಿ. ಅನುಮಾನ ಇದ್ದರೆ ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸಿದರೆ ಪೂರ್ತಿ ದಾಖಲೆ ಕೈಗೆ ಬರುತ್ತದೆ.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದ್ದರೆ ಹೈಪಾಥಿಕೇಶನ್ ಇದೆ ಎಂದರ್ಥ. "ಸಾಲ ತೀರಿದೆ ಸಾರ್" ಎಂಬ ಮಾತು ಸಾಕಾಗುವುದಿಲ್ಲ. ಬ್ಯಾಂಕಿನ ಎನ್‌ಒಸಿ ಮತ್ತು ಬ್ಯಾಂಕ್ ಸಹಿ ಹಾಕಿದ ಫಾರಂ 35 ಇದ್ದರೆ ಮಾತ್ರ ಮುಂದಿನ ಮಾತು. ಟ್ರಾಫಿಕ್ ದಂಡಗಳನ್ನು ಪೊಲೀಸರ ಜಾಲತಾಣದಲ್ಲಿ ನೋಡಿ, ಬಾಕಿಯನ್ನು ಮಾರುವವರಿಂದಲೇ ಕಟ್ಟಿಸಿ.

ದೆಹಲಿ ನೋಂದಣಿಯ ಡೀಸೆಲ್ ಕಾರು ಅರ್ಧ ಬೆಲೆಗೆ ಕಂಡರೆ ಕಾರಣವಿದೆ. ರಾಜಧಾನಿ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅವು ದಕ್ಷಿಣಕ್ಕೆ ಹರಿದುಬಂದವು. ಹೊರರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇರುವುದಾದರೆ ಮರುನೋಂದಣಿ ಆಗಲೇಬೇಕು, ಕರ್ನಾಟಕದ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. ಆ ತೆರಿಗೆ ಗಾಡಿಯ ವಯಸ್ಸಿಗೆ ತಕ್ಕಂತೆ ಇಳಿಯುತ್ತದಾದರೂ ಸಣ್ಣ ಮೊತ್ತವಲ್ಲ. ಆರ್‌ಟಿಒದಲ್ಲಿ ಲೆಕ್ಕ ಹಾಕಿಸಿ, ಬೆಲೆಗೆ ಕೂಡಿಸಿ ನೋಡಿದ ಮೇಲೂ ಅಗ್ಗವೆನಿಸಿದರೆ ಮುಂದುವರಿಯಿರಿ.

ಹಂತ 6: ಕಾರಿನ ಮುಂದೆ ನಿಂತಾಗ

ಹಗಲು ಹೊತ್ತಿನಲ್ಲಿ, ಮಳೆಯಿಲ್ಲದಾಗ ಹೋಗಿ. ನೆನೆದ ಕಾರಿನಲ್ಲಿ ಪೇಂಟಿನ ವ್ಯತ್ಯಾಸ ಕಾಣುವುದಿಲ್ಲ. ನೀವು ಬರುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಡಿ. ಹೋದ ತಕ್ಷಣ ಬೋನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ, ತಣ್ಣಗಿರುವಾಗ ಸ್ಟಾರ್ಟ್ ಆಗಲು ಕಷ್ಟಪಡುವ ಎಂಜಿನ್ನನ್ನು ಮುಚ್ಚಿಡುತ್ತಿರಬಹುದು.

ಚಾಸಿಸ್ ನಂಬರನ್ನು ಕಾರಿನ ಮೇಲೆಯೇ ಓದಿ, ಆರ್‌ಸಿಯ ಒಂದೊಂದು ಅಕ್ಷರಕ್ಕೂ ಹೊಂದಿಸಿ. ಉಜ್ಜಿದ, ವೆಲ್ಡಿಂಗ್ ಮಾಡಿದ ಗುರುತು ಸುತ್ತಮುತ್ತ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ತುದಿಯಲ್ಲಿ ಕೆಸರಿನ ಗೆರೆ, ಮುಗ್ಗಲು ವಾಸನೆ ಇದ್ದರೆ ನೀರಿನಲ್ಲಿ ಮುಳುಗಿದ ಕಾರು. ಬೆಲ್ಟ್ ಬುಡದಲ್ಲಿ ಹೊಲಿದಿರುವ ಚೀಟಿಯಲ್ಲಿ ಸಾಮಾನ್ಯವಾಗಿ ತಯಾರಿಕೆಯ ದಿನಾಂಕವೂ ಇರುತ್ತದೆ, ಅದು ಕಾರಿನ ವರ್ಷಕ್ಕೆ ಹೊಂದಬೇಕು. ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಟೆಪ್ನಿ ಇಡುವ ಗುಂಡಿಯನ್ನು ನೋಡಿ, ಸೀಟಿನ ಕೆಳಗಿನ ಬೋಲ್ಟ್‌ಗಳ ತುಕ್ಕು ನೋಡಿ. 2015ರ ಚೆನ್ನೈ, 2018ರ ಕೇರಳ, 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಯಮಲೂರು ಕಡೆ ಮುಳುಗಿದ ಕಾರುಗಳೆಲ್ಲ ಗುಜರಿಗೆ ಹೋದವೆಂದು ನಂಬಬೇಡಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 3219 ಎಂದಿದ್ದರೆ 2019ರ 32ನೆಯ ವಾರದಲ್ಲಿ ತಯಾರಾದ ಟೈರು. ಮೀಟರ್ 22,000 ಕಿಲೊಮೀಟರ್ ತೋರಿಸುತ್ತಿದೆ, ಆದರೆ ನಾಲ್ಕೂ ಟೈರು ಒಮ್ಮೆ ಬದಲಾಗಿವೆ, ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣುಪಾಗಿದೆ ಎಂದರೆ ಮೀಟರ್ ತಿರುಗಿಸಿದ್ದಾರೆ. ಡಿಜಿಟಲ್ ಮೀಟರನ್ನೂ ಲ್ಯಾಪ್‌ಟಾಪ್ ಹಚ್ಚಿ ಬದಲಿಸುತ್ತಾರೆ. ಅಧಿಕೃತ ಸರ್ವಿಸ್ ದಾಖಲೆಯಲ್ಲಿ ಪ್ರತಿ ಸಲದ ಕಿಲೊಮೀಟರ್ ಬರೆದಿರುತ್ತದೆ, ಅದನ್ನು ತರಿಸಿಕೊಳ್ಳಿ.

ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷ. ಹೊತ್ತಲೇ ಇಲ್ಲವಾದರೆ ಇನ್ನೂ ಅನುಮಾನ: ಸಿಡಿದ ಏರ್‌ಬ್ಯಾಗ್ ಬದಲಿಸದೆ ದೀಪ ಮಾತ್ರ ಕಿತ್ತಿರಬಹುದು. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಆಯಿಲ್ ಮುಚ್ಚಳದ ಅಡಿಯಲ್ಲಿ ಹಾಲಿನ ಬಣ್ಣದ ಜಿಡ್ಡಿದ್ದರೆ ಕೂಲೆಂಟ್ ಸೇರುತ್ತಿರುವ ಲಕ್ಷಣ.

ಕೀಗಳು ಎರಡೂ ಇವೆಯೇ ಎಂದು ಎಣಿಸಿ. ಒಂದೇ ಇದ್ದರೆ ಕಾರಣ ಕೇಳಿ, ಹೊಸದಕ್ಕೆ ತಗಲುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ.

ಕೊನೆಗೆ, ನಿಮ್ಮ ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ, ಅವರ ಅರ್ಧ ದಿನದ ಕೂಲಿ ಕೊಡಿ. ಮಾರುವವರೇ ಕರೆತಂದ ಮೆಕ್ಯಾನಿಕ್‌ನ ಮಾತು ಲೆಕ್ಕಕ್ಕಿಲ್ಲ.

ಹಂತ 7: ದುಡ್ಡು ಮತ್ತು ಹೆಸರು ಬದಲಾವಣೆ

ಹಣವನ್ನು ಆರ್‌ಸಿಯಲ್ಲಿ ಹೆಸರಿರುವವರ ಬ್ಯಾಂಕ್ ಖಾತೆಗೇ ಹಾಕಿ. ತಮ್ಮ, ಭಾವ, ಸ್ನೇಹಿತ ಯಾರ ಖಾತೆಯೂ ಬೇಡ. ಡೀಲರ್ ಆದರೆ ಸಂಸ್ಥೆಯ ಖಾತೆಗೆ, ಬಿಲ್ ಪಡೆದು. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿ. ಹೊರರಾಜ್ಯದ ಗಾಡಿಯಾದರೆ ಫಾರಂ 28ರ ಎನ್‌ಒಸಿ ಕೂಡ ಬೇಕು. ಕಾರು ಕೈಗೆ ಬಂದ ದಿನಾಂಕ, ಗಂಟೆ, ಮೀಟರ್ ಓದು ಬರೆದು ಇಬ್ಬರೂ ಸಹಿ ಮಾಡಿದ ಕಾಗದವನ್ನು ಇಟ್ಟುಕೊಳ್ಳಿ. ಅದಕ್ಕೆ ಮೊದಲಿನ ದಂಡಕ್ಕಾಗಲಿ ಅಪಘಾತಕ್ಕಾಗಲಿ ನೀವು ಹೊಣೆಯಲ್ಲ ಎಂದು ತೋರಿಸಲು ಅದೇ ಆಧಾರ.

ಕೊಂಡವರು ಮೂವತ್ತು ದಿನದೊಳಗೆ ತಮ್ಮ ವ್ಯಾಪ್ತಿಯ ಆರ್‌ಟಿಒಗೆ ವರ್ಗಾವಣೆಯನ್ನು ತಿಳಿಸಬೇಕು. ವಿಮೆಯ ಗಡುವು ಇನ್ನೂ ಚಿಕ್ಕದು: ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ. ನೋ ಕ್ಲೇಮ್ ಬೋನಸ್ ಹಿಂದಿನ ಮಾಲೀಕರಿಗೆ ಸೇರಿದ್ದು, ಕಾರಿನ ಜೊತೆ ಬರುವುದಿಲ್ಲ. ಅದರ ವ್ಯತ್ಯಾಸದ ಹಣವನ್ನು ನೀವೇ ಕಟ್ಟಬೇಕಾಗುತ್ತದೆ. ಗಾಜಿನ ಮೇಲಿರುವ ಫಾಸ್ಟ್ಯಾಗ್ ಅನ್ನು ಮಾರಿದವರಿಂದಲೇ ಮುಚ್ಚಿಸಿ, ನಿಮ್ಮ ಹೆಸರಿನಲ್ಲಿ ಹೊಸದನ್ನು ಪಡೆಯಿರಿ. ಅವರ ಟ್ಯಾಗ್ ಮುಚ್ಚದೆ ನಿಮ್ಮದು ಸಿಗುವುದು ಕಷ್ಟ, ಆದ್ದರಿಂದ ಕೀ ಪಡೆಯುವಾಗಲೇ ಅವರ ಎದುರಿನಲ್ಲೇ ಈ ಕೆಲಸ ಮುಗಿಸಿಕೊಳ್ಳಿ.