ಮೀನು ಕೇಳಿದಾಗೆಲ್ಲ ಹಾಕಬೇಡ

ಮಗಳೇ, ನಿಮ್ಮ ಮನೆಯ ಗೋಲ್ಡ್‌ಫಿಶ್‌ಗೆ ಹೊಟ್ಟೆ ಅನ್ನುವುದೇ ಇಲ್ಲ ಎಂದರೆ ನಗಬೇಡ. ಬಾಯಿ ಇದೆ, ಗಂಟಲಲ್ಲಿ ಅರೆಯುವ ಹಲ್ಲಿದೆ, ಉದ್ದನೆಯ ಕರುಳಿದೆ. ನಡುವೆ ನಮಗಿರುವಂಥ ಜಠರದ ಚೀಲ ಮಾತ್ರ ಇಲ್ಲ. ಕಾರ್ಪ್ ಜಾತಿಯ ಮೀನುಗಳೆಲ್ಲ ಹೀಗೇ, ನಮ್ಮ ಕೆರೆಗಳ ಕಟ್ಲಾ, ರೋಹು ಕೂಡ. ನೀರಿನಲ್ಲಿ ಸ್ವತಂತ್ರವಾಗಿದ್ದರೆ ಅವು ದಿನವಿಡೀ ಕೆಸರು ಕೆದಕುತ್ತ, ಪಾಚಿ ಕಚ್ಚುತ್ತ, ಸಿಕ್ಕಿದ ಹುಳು ನುಂಗುತ್ತ ಚೂರುಚೂರಾಗಿ ತಿನ್ನುತ್ತಿರುತ್ತವೆ. ತಿಂದದ್ದು ನೇರವಾಗಿ ಕರುಳಿಗೆ ಇಳಿಯುತ್ತದೆ. ಅಂಥ ಪ್ರಾಣಿಗೆ ಒಮ್ಮೆಲೇ ಹಿಡಿ ತುಂಬ ಸುರಿದರೆ ಅರ್ಧ ಜೀರ್ಣವಾಗದೆ ಹೊರಗೆ ಹೋಗುತ್ತದೆ, ಇಲ್ಲವೇ ಒಳಗೇ ಕಟ್ಟಿಕೊಳ್ಳುತ್ತದೆ. ಇಷ್ಟಾದರೂ ಅದು ಬಾಯಿ ಮುಚ್ಚುವುದಿಲ್ಲ. ಸಾಕು ಅನ್ನುವ ಕೆಲಸ ನಿನ್ನದೇ.

ನಿಮ್ಮ ಮನೆಯಲ್ಲಿ ಮೀನನ್ನು ಪ್ರೀತಿಸುವವರು ಜಾಸ್ತಿ, ಅದೇ ತೊಡಕು. ಬೆಳಿಗ್ಗೆ ಪೂಜೆ ಮುಗಿಸಿ ನಿನ್ನ ಮಾವನವರು ಒಂದು ಚಿಟಿಕೆ ಹಾಕುತ್ತಾರೆ. ಸ್ಕೂಲಿಂದ ಬಂದ ನಿನ್ನ ಮಗ ಶೂ ಬಿಚ್ಚುವ ಮೊದಲೇ ಇನ್ನೊಂದು ಚಿಟಿಕೆ. ರಾತ್ರಿ ಅಳಿಯಂದಿರು, ಯಾರಾದರೂ ಹಾಕಿದ್ದಾರೋ ಇಲ್ಲವೋ ಅಂತ ಮತ್ತೊಂದು. ಯಾರನ್ನು ಕೇಳಿದರೂ ‘ನಾನು ಸ್ವಲ್ಪವೇ ಹಾಕಿದ್ದು’ ಅನ್ನುತ್ತಾರೆ, ಅದು ನಿಜವೇ. ಗಾಜಿನ ಹತ್ತಿರ ಯಾರು ಬಂದರೂ ಮೂತಿ ಒತ್ತಿಕೊಂಡು ಬರುತ್ತದಲ್ಲ, ಅದು ಹಸಿವಲ್ಲ ಕಣಮ್ಮ, ಕೈ ಕಂಡರೆ ಕಾಳು ಬೀಳುತ್ತದೆ ಅನ್ನುವ ಅಭ್ಯಾಸ. ಊಟ ಹಾಕುವವರು ಒಬ್ಬರೇ ಇರಲಿ, ದಿನಕ್ಕೆ ಎರಡು ಸಲ ಸಾಕು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕು. ಮಿಕ್ಕದ್ದನ್ನು ಬಲೆಯಲ್ಲಿ ಎತ್ತಿಬಿಡು. ವಾರಕ್ಕೊಂದು ದಿನ ಏನೂ ಹಾಕಬೇಡ. ಅದನ್ನು ಮೀನಿನ ಏಕಾದಶಿ ಅಂತ ಹೇಳು, ನಿನ್ನ ಮಾವನವರು ಬೇಗ ಒಪ್ಪಿಕೊಳ್ಳುತ್ತಾರೆ.

ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಎರಚಿ ಬಂದ ಹುಡುಗ ಮನೆಯ ಟ್ಯಾಂಕಿಗೂ ಅದನ್ನೇ ಹಾಕಹೊರಟರೆ ತಡೆ. ಅವು ಹರಿಯುವ ಹೊಳೆಯ ದೊಡ್ಡ ಮೀನುಗಳು, ಮಂಡಕ್ಕಿಯ ಜೊತೆಗೆ ಹೊಳೆಯದ್ದೇ ಬೇಕಾದಷ್ಟು ಮೇವಿದೆ ಅವಕ್ಕೆ. ನಿನ್ನ ಗಾಜಿನ ಪೆಟ್ಟಿಗೆಯಲ್ಲಿ ಮಂಡಕ್ಕಿ, ಬ್ರೆಡ್ಡು, ಚಪಾತಿ ಚೂರು ಯಾವುದೂ ಬೇಡ.

ಇನ್ನು ನಿನ್ನ ಗೋಲ್ಡ್‌ಫಿಶ್ ವಾಲಿಕೊಂಡು ಈಜುವ ವಿಷಯ. ಬೆನ್ನೆಲುಬಿನ ಕೆಳಗೆ ಎರಡು ಕೋಣೆಯ ಗಾಳಿಚೀಲವಿರುತ್ತದೆ. ಮೀನು ಮೇಲಕ್ಕೂ ತೇಲದೆ ಕೆಳಕ್ಕೂ ಕುಸಿಯದೆ ನೀರಿನ ನಡುವೆ ನಿಲ್ಲುವುದು ಅದರ ಬಲದಿಂದಲೇ. ಗೋಲ್ಡ್‌ಫಿಶ್‌ನಲ್ಲಿ ಆ ಚೀಲದಿಂದ ಅನ್ನನಾಳಕ್ಕೊಂದು ಸಣ್ಣ ಕೊಳವೆ ಇದೆ. ಉದ್ದ ಮೈಯ ಸಾದಾ ಗೋಲ್ಡ್‌ಫಿಶ್‌ಗೆ ವಾಲುವ ಕಾಟ ಕಡಿಮೆ. ನೀನು ಆಸೆಪಟ್ಟು ತಂದಿರುವ ಒರಾಂಡಾ, ಅದರ ಜೊತೆಯ ದುಂಡು ಮೈಯ ರ‍್ಯೂಕಿನ್, ಇವು ಚೀನಾ, ಜಪಾನಿನವರು ತಲೆಮಾರುಗಟ್ಟಲೆ ಆರಿಸಿ ಆರಿಸಿ ಬೆಳೆಸಿದ ರೂಪಗಳು. ಚೆಂದಕ್ಕೆಂದು ಮೈ ಗಿಡ್ಡವಾಯಿತು, ಬೆನ್ನೆಲುಬು ಬಾಗಿತು. ಒಳಗಿನ ಅಂಗಗಳ ಪಾಡು ಹಬ್ಬದ ಹಿಂದಿನ ದಿನದ ಊರ ಬಸ್ಸಿನಂತಾಯಿತು. ಕರುಳು ಸ್ವಲ್ಪ ಉಬ್ಬಿದರೂ ಗಾಳಿಚೀಲವನ್ನು ಒತ್ತುತ್ತದೆ, ಮೀನು ತಲೆಕೆಳಗಾಗುತ್ತದೆ. ನನ್ನನ್ನು ಕೇಳಿದ್ದರೆ ಸಾದಾ ಮೀನನ್ನೇ ತಾ ಅನ್ನುತ್ತಿದ್ದೆ. ಈಗ ತಂದಾಗಿದೆ, ಬಿಡು.

ತೇಲುವ ಕಾಳನ್ನು ಮೇಲ್ಮೈಯಲ್ಲಿ ಗುಳುಂ ಗುಳುಂ ಅಂತ ನುಂಗುವಾಗ ಗಾಳಿಯೂ ಒಳಗೆ ಹೋಗುತ್ತದೆ. ಅದಕ್ಕೇ ಮುಳುಗುವ ಪೆಲೆಟ್ ಕೇಳಿ ತಾ. ಹಾಕುವ ಮೊದಲು ಟ್ಯಾಂಕಿನ ನೀರಲ್ಲೇ ಒಂದೆರಡು ನಿಮಿಷ ನೆನೆಸು. ಬರೀ ಕಾಳು ತಿನ್ನಿಸದೆ ನಡುನಡುವೆ ಬೇಯಿಸಿದ ಪಾಲಕ್ ಎಲೆ ಕೊಡು. ಒಣ ಟ್ಯೂಬಿಫೆಕ್ಸ್ ಹುಳುವನ್ನು ಮೀನುಗಳು ಮುಗಿಬಿದ್ದು ತಿನ್ನುತ್ತವೆ ನಿಜ, ಅದು ನಿತ್ಯದ ಊಟವಲ್ಲ. ದೊಡ್ಡ ಡಬ್ಬಿ ಅಗ್ಗವೆಂದು ಕೊಳ್ಳಬೇಡ. ತೆರೆದಿಟ್ಟ ಆಹಾರದ ಸತ್ವ ಹೋಗುತ್ತದೆ, ಎಣ್ಣೆಯಂಶ ಕಮಟುತ್ತದೆ, ಮಳೆಗಾಲದಲ್ಲಿ ಒದ್ದೆ ಕೈ ಹಾಕಿದರಂತೂ ಬೂಷ್ಟು.

ಹೊಟ್ಟೆಭಾಗ ಊದಿಕೊಂಡು, ಮಲ ಉದ್ದ ದಾರದಂತೆ ಹಿಂದೆ ನೇತಾಡುತ್ತ, ಊಟದ ನಂತರ ಮೀನು ಮೇಲಕ್ಕೆ ತೇಲುತ್ತಿದೆ ಅಂದರೆ ಮೊದಲ ಔಷಧ ಉಪವಾಸ. ಎರಡು ಮೂರು ದಿನ ಏನೂ ಹಾಕಬೇಡ. ಆರೋಗ್ಯವಾಗಿ ಬೆಳೆದ ಮೀನು ಅಷ್ಟಕ್ಕೆ ಸಾಯುವುದಿಲ್ಲ. ಆಮೇಲೆ ಒಂದು ಬಟಾಣಿ ಕಾಳನ್ನು ಮೆತ್ತಗೆ ಬೇಯಿಸಿ, ಸಿಪ್ಪೆ ತೆಗೆದು, ಸಣ್ಣ ಚೂರು ಮಾಡಿ ಕೊಡು. ಉಪ್ಪು, ಒಗ್ಗರಣೆ ಏನೂ ಬೇಡ (ಕುಕ್ಕರಿನಲ್ಲಿ ಸಾಗುವಿಗೆಂದು ಇಟ್ಟದ್ದರಿಂದ ಎತ್ತಿಕೊಳ್ಳಬೇಡ ಅಂತ ಈ ಮಾತು). ಹೊಟ್ಟೆ ಒತ್ತುವುದು, ಸೂಜಿ ಚುಚ್ಚುವುದು, ಇಂಥದ್ದನ್ನು ಯಾರು ಹೇಳಿದರೂ ಕೇಳಬೇಡ.

ಎಲ್ಲ ವಾಲಾಟಕ್ಕೂ ಊಟವೇ ಕಾರಣವಲ್ಲ. ನೀರನ್ನೂ ನೋಡು. ತಿನ್ನದೆ ಉಳಿದ ಕಾಳು ಕೊಳೆತರೆ ಅಮೋನಿಯಾ ಆಗುತ್ತದೆ, ಮೀನಿನ ಮಲಮೂತ್ರದಿಂದಲೂ ಅದೇ. ಅದರ ವಿಷ ಏರಿದರೆ ಮೀನು ಮಂಕಾಗಿ ತಳ ಹಿಡಿಯುತ್ತದೆ, ಇಲ್ಲವೇ ಮೇಲೆ ಬಂದು ಬಾಯಿ ಬಡಿಯುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸು. ನಲ್ಲಿಯ ಕಾವೇರಿ ನೀರಾದರೆ ಆಂಟಿ-ಕ್ಲೋರಿನ್ ಹನಿ ಹಾಕಿ ಆಮೇಲೆ ಬಿಡು. ಡಿಸೆಂಬರ್, ಜನವರಿಯ ಚಳಿಯಲ್ಲಿ ನೀರು ತಣ್ಣಗಾದರೆ ಮೀನಿನ ಜೀರ್ಣಶಕ್ತಿಯೂ ನಿಧಾನವಾಗುತ್ತದೆ, ಆಗ ಒಂದೇ ಹೊತ್ತು ಸಾಕು. ಉಪವಾಸ, ಬಟಾಣಿ, ಹೊಸ ನೀರು ಎಲ್ಲ ಆದ ಮೇಲೂ ವಾಲುತ್ತಲೇ ಇದ್ದು, ಊಟ ಮಾಡಿಕೊಂಡು ಚುರುಕಾಗಿದ್ದರೆ ಅದರ ಮೈಕಟ್ಟೇ ಹಾಗೆ ಅಂದುಕೋ. ಹುರುಪೆಗಳು ನಿಮಿರಿ ನಿಂತು ಮೈಯೆಲ್ಲ ಊದಿಕೊಂಡರೆ ಅದು ಮಲಬದ್ಧತೆಯಲ್ಲ, ಜಲೋದರ. ತಕ್ಷಣ ಬೇರೆ ನೀರಿನಲ್ಲಿಟ್ಟು ಮೀನಿನ ಕಾಯಿಲೆ ಬಲ್ಲ ಪಶುವೈದ್ಯರನ್ನು ಕೇಳು.

ನಿನ್ನ ಮಗನ ಮೇಜಿನ ಮೇಲಿರುವ ಫೈಟರ್ ಮೀನಿಗೆ ಈ ಬಟಾಣಿ ವೈದ್ಯ ಸಲ್ಲದು. ಅದಕ್ಕೆ ಜಠರವಿದೆ, ಅದು ಹುಳು ತಿನ್ನುವ ಜೀವ. ಅದಕ್ಕೂ ಒಂದೆರಡು ದಿನ ಉಪವಾಸ ಹಾಕಬಹುದು, ಆಮೇಲೆ ಡಾಫ್ನಿಯಾ ಎಂಬ ಸಣ್ಣ ನೀರುಜೀವಿ ಸಿಕ್ಕರೆ ಒಳ್ಳೆಯದು. ನೀರು 24ರಿಂದ 28 ಡಿಗ್ರಿ ಇರಬೇಕು, ಚಳಿಗಾಲದಲ್ಲಿ ಸಣ್ಣ ಹೀಟರ್ ಬೇಕಾದೀತು.

ದಸರಾ ರಜೆಗೆ ನಾಲ್ಕೈದು ದಿನ ಊರಿಗೆ ಬರುವಾಗ ಪಕ್ಕದ ಮನೆಯವರ ಕೈಗೆ ಡಬ್ಬಿ ಕೊಟ್ಟು ಬರಬೇಡ, ಏನೂ ಹಾಕದಿದ್ದರೆ ಸಾಕು. ಇನ್ನೂ ಹೆಚ್ಚು ದಿನ ನಿಲ್ಲುವುದಾದರೆ ಎರಡು ದಿನಕ್ಕೊಂದರಂತೆ ಕಾಗದದ ಪೊಟ್ಟಣ ಕಟ್ಟಿ, ಮೇಲೆ ವಾರದ ಹೆಸರು ಬರೆದು ಕೊಡು. ಡಬ್ಬಿಯನ್ನು ನಿನ್ನ ಬೀರುವಿನಲ್ಲಿ ಇಟ್ಟು ಬೀಗ ಹಾಕಿಕೊಂಡು ಬಾ.