ಮಳವಳ್ಳಿ ಸೀಮೆಯಲ್ಲಿ ಕಪ್ಪು-ಬಿಳುಪು ಸಸ್ಪೆನ್ಸ್: ಐದು ಪಾಠಗಳು

ಮಳವಳ್ಳಿ, ಮದ್ದೂರಿನ ಗೆಳೆಯರನ್ನು ಕಟ್ಟಿಕೊಂಡು ಸಸ್ಪೆನ್ಸ್ ಕಿರುಚಿತ್ರ ಮಾಡುತ್ತಾ ಬಂದವನು ನಾನು. ಘಟನೆಗಳನ್ನು ಹಿಂದುಮುಂದಾಗಿಸಿ ಹೇಳುವ ಕಪ್ಪು-ಬಿಳುಪು ಚಿತ್ರಗಳು ಕಥೆ ಜೋಡಿಸುವ ಕೆಲಸವನ್ನು ನೋಡುವವರ ಕೈಗೇ ಕೊಡುತ್ತವೆ. ಅವುಗಳ ಸೆಳೆತ ಇರುವುದೇ ಅಲ್ಲಿ. ಇದಕ್ಕೆ ದುಡ್ಡಿಗಿಂತ ಲೆಕ್ಕಾಚಾರ ಹೆಚ್ಚು ಬೇಕು.

1. ಇರುವುದನ್ನು ನೋಡಿಕೊಂಡು ಬರೆಯಿರಿ.
ಕ್ರಿಸ್ಟೋಫರ್ ನೋಲನ್ 1998ರ ‘ಫಾಲೋಯಿಂಗ್’ ಎಂಬ ಇಂಥದೇ ಚಿತ್ರವನ್ನು ಸುಮಾರು 6,000 ಡಾಲರ್‌ನಲ್ಲಿ, 16 ಎಂ.ಎಂ. ಫಿಲ್ಮಿನಲ್ಲಿ ಮಾಡಿದರು. ತಂಡದವರು ಬೇರೆ ಬೇರೆ ಕೆಲಸದಲ್ಲಿದ್ದುದರಿಂದ ವಾರದ ರಜೆಯಲ್ಲಷ್ಟೇ ಶೂಟಿಂಗ್. ಪರಿಚಯದವರ ಮನೆಗಳೇ ಲೊಕೇಶನ್. ಫಿಲ್ಮು ಉಳಿಸಲು ಚೆನ್ನಾಗಿ ತಾಲೀಮು ನಡೆಸಿ, ಒಂದೆರಡು ಟೇಕಿನಲ್ಲಿ ದೃಶ್ಯ ಮುಗಿಸುತ್ತಿದ್ದರು. ನಮ್ಮಲ್ಲಿ ಆಲೆಮನೆಯಿದೆ, ನಾಲೆ ಏರಿಯಿದೆ, ಆಳೆತ್ತರದ ಕಬ್ಬಿನ ಗದ್ದೆಯಿದೆ. ಒಬ್ಬ ಮನುಷ್ಯ ಕಣ್ಮರೆಯಾಗಲು ಇನ್ನೇನು ಬೇಕು?

2. ಬಣ್ಣ ಹೋದ ಮೇಲೆ ಏನುಳಿಯುತ್ತದೆ, ನೋಡಿ.
ಬೀದಿದೀಪದ ಹಳದಿಗೆ ಟ್ಯೂಬ್‌ಲೈಟಿನ ಬಿಳಿ ಬೆರೆತರೆ ಬಣ್ಣದ ಚಿತ್ರ ಕೆಡುತ್ತದೆ. ಕಪ್ಪು-ಬಿಳುಪಿಗೆ ಆ ತೊಂದರೆಯಿಲ್ಲ. ಆದರೆ ಹಸಿರು ಕಬ್ಬು, ಕೆಂಪು ಟವೆಲ್ ಎರಡೂ ಒಂದೇ ಬೂದಿ ಬಣ್ಣಕ್ಕೆ ತಿರುಗಿ, ಟವೆಲ್ ಹೊದ್ದವನು ಕಾಣದೇ ಹೋಗಬಹುದು. ಬಟ್ಟೆಯನ್ನು ಕ್ಯಾಮೆರಾದಲ್ಲಿ ಮೊದಲೇ ನೋಡಿಕೊಳ್ಳಿ. ಬೆಳಕನ್ನು ಮುಖದ ಒಂದೇ ಪಕ್ಕಕ್ಕೆ ಬಿಡಿ. ರಾತ್ರಿ ಹೊತ್ತು ಆಲೆಮನೆಯ ಒಲೆಯ ಬೆಂಕಿ, ಕೊಪ್ಪರಿಗೆಯ ಆವಿ ಕೊಡುವ ನೆರಳು ಬಾಡಿಗೆ ಲೈಟಿನಿಂದ ಸಿಗದು.

3. ಕಾಲ ಬದಲಾದರೆ ಗುರುತು ಕೊಡಿ.
‘ಫಾಲೋಯಿಂಗ್’ ನಾಯಕನ ಕೆದರಿದ ಕೂದಲು, ನುಣ್ಣಗೆ ಕ್ಷೌರ ಮಾಡಿದ ಮುಖ, ಪೆಟ್ಟು ತಿಂದ ಮುಖ ನೋಡಿದರೆ ಸಾಕು, ಕಥೆ ಯಾವ ಕಾಲದಲ್ಲಿದೆ ಎಂದು ತಿಳಿಯುತ್ತದೆ. ಬಣ್ಣವೂ ಗುರುತಾಗಬಹುದು: ಪ್ರೇಕ್ಷಕರೇ ಹಣ ಹೂಡಿದ, ಪವನ್ ಕುಮಾರ್ ಅವರ ‘ಲೂಸಿಯಾ’ದಲ್ಲಿ (2013) ಟಾಕೀಸಿನಲ್ಲಿ ಟಾರ್ಚ್ ಹಿಡಿಯುವವನ ಬದುಕಿಗೆ ಬಣ್ಣ, ಸಿನಿಮಾ ನಟನ ಬದುಕಿಗೆ ಕಪ್ಪು-ಬಿಳುಪು. ಎರಡನ್ನೂ ನಿಭಾಯಿಸಿದವರು ನಮ್ಮ ಜಿಲ್ಲೆಯವರೇ ಆದ ಸತೀಶ್ ನೀನಾಸಂ. ಎರಡರಲ್ಲಿ ನಿಜ ಯಾವುದು ಎಂಬ ಕುತೂಹಲ ಕೊನೆವರೆಗೂ ಉಳಿಯುತ್ತದೆ.

4. ಮೊದಲು ನೇರವಾಗಿ ಬರೆಯಿರಿ.
ಒಂದೊಂದು ದೃಶ್ಯಕ್ಕೆ ಒಂದೊಂದು ಚೀಟಿ ಮಾಡಿ, ನಡೆದ ಕ್ರಮದಲ್ಲೇ ಜೋಡಿಸಿ. ಹಾಗೆ ಓದಿದಾಗ ನಿಲ್ಲದ ಕಥೆ ಕಲಸಿದರೂ ನಿಲ್ಲುವುದಿಲ್ಲ. ಆಮೇಲೆ ಚೀಟಿಗಳ ಜಾಗ ಬದಲಿಸಿ. ಪ್ರತಿ ಜಿಗಿತವೂ ಹಳೆಯದೊಂದು ಪ್ರಶ್ನೆಗೆ ಉತ್ತರ ಕೊಟ್ಟು ಹೊಸದೊಂದನ್ನು ಎತ್ತಬೇಕು. ಎತ್ತದಿದ್ದರೆ ಆ ಚೀಟಿಯನ್ನು ಹಳೆಯ ಜಾಗದಲ್ಲೇ ಇಡಿ.

5. ನೀಲಗಾರರ ಮುಂದೆ ಕೂತು ಕೇಳಿ.
ಮಂಟೇಸ್ವಾಮಿ ಪರಂಪರೆಯ ಬೊಪ್ಪೇಗೌಡನಪುರ ನಮ್ಮ ಮಳವಳ್ಳಿ ತಾಲ್ಲೂಕಿನದೇ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ ‘ಸಾಲು’ ಎಂಬ ಕಥಾಭಾಗಗಳಾಗಿ ಹಂಚಿಕೊಂಡಿದೆ. ಇಡೀ ಕಾವ್ಯದಿಂದ ಒಂದು ಸಾಲನ್ನಷ್ಟೇ ಎತ್ತಿಕೊಂಡು ಹಾಡುವುದುಂಟು. ಕಥೆಯ ಕೊನೆ ಗೊತ್ತಿರುವವರೂ ನಿದ್ದೆಗೆಟ್ಟು ಕೇಳುತ್ತಾರೆ. ಏನಾಯಿತು ಎಂಬುದು ತಿಳಿದ ಮೇಲೂ ಹೇಗಾಯಿತು, ಯಾಕಾಯಿತು ಎಂಬ ಕುತೂಹಲ ಜನರನ್ನು ಕೂರಿಸುತ್ತದೆ. ಆದ್ದರಿಂದ ಕೊನೆಯನ್ನು ಮೊದಲೇ ತೋರಿಸಲು ಹೆದರಬೇಡಿ.

ಈ ಸೀಮೆಯ ಹುಡುಗ ಹುಡುಗಿಯರಿಗೆ ನನ್ನದೊಂದು ಮಾತು: ದೊಡ್ಡ ಕ್ಯಾಮೆರಾಕ್ಕೆ ಕಾಯಬೇಡಿ, ಕೈಲಿರುವ ಫೋನಿನಲ್ಲೇ ಶುರುಮಾಡಿ. ಇರುವ ದುಡ್ಡನ್ನು ಒಳ್ಳೆಯ ಮೈಕಿಗೆ ಹಾಕಿ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ.