ಅತ್ತು, ಎದ್ದು ನಿಂತ ಅಬ್ರಹಾಮ

ಆದಿಕಾಂಡ 23ನೇ ಅಧ್ಯಾಯ ತೆಗೆಯಿರಿ. ಮೊಬೈಲ್‌ನಲ್ಲಿ ಓದುವವರು ದಯವಿಟ್ಟು ನೋಟಿಫಿಕೇಶನ್ ಆಫ್ ಮಾಡಿ.

ಸಾರಳು 127 ವರ್ಷ ಬದುಕಿ ಹೆಬ್ರೋನಿನಲ್ಲಿ ತೀರಿಕೊಂಡಳು. ಅಬ್ರಹಾಮ ಏನು ಮಾಡಿದ? ಮೊದಲು ಅತ್ತ. ನಂಬಿಕೆಗೆ ಹೆಸರಾದವನೇ ಗೋಳಾಡಿ ಅತ್ತ. ನಮ್ಮಲ್ಲಿ ಕೆಲವರು ಸಾವಿನ ಮನೆಗೆ ಹೋಗಿ, "ವಿಶ್ವಾಸಿಯಾಗಿ ಅಳ್ತೀಯಾ?" ಅಂತಾರೆ. ಇದು ವಾಕ್ಯದಲ್ಲಿ ಎಲ್ಲಿದೆ? ಲಾಜರನನ್ನು ಎಬ್ಬಿಸೋದಕ್ಕೇ ಬಂದ ಯೇಸು ಸ್ವಾಮಿ ಕೂಡ ಕಣ್ಣೀರು ಹಾಕಿದರು. ಥೆಸಲೋನಿಕದವರಿಗೆ ಬರೆದಾಗ ಪೌಲನು ದುಃಖಪಡಲೇಬೇಡಿ ಅನ್ನಲಿಲ್ಲ, ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅಂದ.

ಈಗ ಮೂರನೇ ವಚನ ನೋಡಿ. ಅಬ್ರಹಾಮ ಶವದ ಎದುರಿನಿಂದ ಎದ್ದ. ಎದ್ದು ಹಿತ್ತಿಯರ ಹತ್ತಿರ ಹೋಗಿ, ತಾನು ಅವರ ನಡುವೆ ಪರದೇಶಿ, ಸಮಾಧಿಗೆ ಜಾಗ ಬೇಕು ಅಂದ. ಇಡೀ ಕಾನಾನ್ ದೇಶದ ವಾಗ್ದಾನ ಇದ್ದವನು ಹೆಂಡತಿಯನ್ನು ಹೂಣಿಡೋಕೆ ಜಾಗ ಕೇಳಬೇಕಾಯ್ತು! ಎಫ್ರೋನ ಸುಮ್ಮನೆ ಕೊಡ್ತೀನಿ ಅಂದರೂ ಬಿಡದೆ, ಜನರ ಮುಂದೆ 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ. ಹೊಲ, ಗವಿ, ಮರಗಳು ಎಲ್ಲ ಲೆಕ್ಕಕ್ಕೆ ಬಂದವು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪಕ್ಕಾ ರಿಜಿಸ್ಟ್ರೇಷನ್.

ಇದೇನು ಆತ್ಮಿಕ ವಿಷಯವಾ ಅಂತ ಕೇಳಬಹುದು. ಡೆತ್ ಸರ್ಟಿಫಿಕೇಟ್‌ಗೆ ಸಾಲಲ್ಲಿ ನಿಂತವರಿಗೆ, ಅಮ್ಮನ ಸಿಮ್ ಬಂದ್ ಮಾಡಿಸಿದವರಿಗೆ ಗೊತ್ತು. ಅವರನ್ನು ನಾವೇ ದೂರ ತಳ್ಳಿದ ಹಾಗೆ ಅನ್ನಿಸುತ್ತೆ. ಅಬ್ರಹಾಮನ ವಿಷಯದಲ್ಲಿ ಆ ವ್ಯವಹಾರವೇ ಸಾರಳಿಗೆ ಮಾಡಿದ ಕೊನೇ ಪ್ರೀತಿಯ ಕೆಲಸ. ಅವನು ಡೇರೆಯಲ್ಲೇ ಇದ್ದವನು. ಪಿಜಿಯಿಂದ ಪಿಜಿಗೆ ಗಂಟುಮೂಟೆ ಹೊತ್ತ ನಿಮಗೆ ಡೇರೆ ಅಂದ್ರೆ ಬೇಗ ಅರ್ಥ ಆಗುತ್ತೆ. ದೇವರೇ ಕಟ್ಟಿದ ಪಟ್ಟಣಕ್ಕಾಗಿ ಅವನು ಕಾಯ್ತಿದ್ದ ಅಂತ ಇಬ್ರಿಯರಿಗೆ ಬರೆದ ಪತ್ರ 11ರಲ್ಲಿ ಇದೆ. ಹಾಗಾಗಿ ಅವನು ಸಾರಳನ್ನು ಮಣ್ಣಿಗೆ ಒಪ್ಪಿಸಿದರೂ ದೇವರ ಕೈಯಿಂದ ತಪ್ಪಿಸಿಬಿಟ್ಟೆ ಅಂದುಕೊಳ್ಳಲಿಲ್ಲ.

ಆದರೆ ಇಸಾಕ? ಸಾರಳಿಗೆ 90 ಆದಾಗ ಹುಟ್ಟಿದ ಮಗ. ತಾಯಿ ಹೋದಾಗ ಅವನಿಗೆ 37 ವರ್ಷ, ಮದುವೆಯಾದಾಗ 40. ರೆಬೆಕ್ಕ ತಾಯಿಯ ಗುಡಾರಕ್ಕೆ ಬಂದ ಮೇಲೇ ಅವನಿಗೆ ಸಮಾಧಾನ ಸಿಕ್ಕಿತು ಅಂತ 24ರ ಕೊನೇ ವಚನ ಹೇಳುತ್ತೆ. ಅಂದರೆ ಮೂರು ವರ್ಷ! (ಮದುವೆ ಆದ್ರೆ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳ್ತಿಲ್ಲ, ಯೂತ್‌ನವರೇ.) ಒಂದೇ ಮನೆಯಲ್ಲಿ ತಂದೆ ಎದ್ದು ಕೆಲಸಕ್ಕೆ ನಿಂತ, ಮಗನ ಗಾಯ ಮಾಯಲು ವರ್ಷಗಳೇ ಬೇಕಾದವು. ದೇವರು ಇಬ್ಬರಲ್ಲಿ ಯಾರನ್ನೂ ಗದರಿಸಲಿಲ್ಲ.

ನಿಮ್ಮ ಪಕ್ಕ ಕೂತವರು ಇನ್ನೂ ಆ ಗುಡಾರದೊಳಗೇ ಇರಬಹುದು. ಸಭೆ ಮುಗಿದ ತಕ್ಷಣ ಓಡಬೇಡಿ, ಅವರ ಜೊತೆ ಒಂದು ಕಾಫಿ ಕುಡೀರಿ. ಈಗ ಕಣ್ಣು ಮುಚ್ಚೋಣ. ನೀವು ಕಳಕೊಂಡವರ ಹೆಸರು ಹೇಳಿ, ಅವರನ್ನು ಕೊಟ್ಟದ್ದಕ್ಕಾಗಿ ಕರ್ತನಿಗೆ ಸ್ತೋತ್ರ ಮಾಡಿ. ಅಳು ಬಂದರೆ ತಡೀಬೇಡಿ. ಪ್ರಾರ್ಥಿಸೋಣ.